ಬುರುಜಿನ ಗುಡ್ಡದ ನೀರು

ದೆವ್ವ, ಶಾಪ, ದೃಷ್ಟಿ ಇವನ್ನೆಲ್ಲ ನಾನು ನಂಬಿದವಳಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಯಾರಾದರೂ ಇಂಥ ಕಥೆ ತೆಗೆದರೆ, ಹೊತ್ತು ಹೋಗದವರ ಮಾತು ಎಂದು ಮುಖಕ್ಕೇ ಹೇಳಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ, ನಾನೂ ಅದನ್ನೇ ಮಾಡುತ್ತಿದ್ದೆ.

ನಮ್ಮ ಮನೆ ಧಾರವಾಡದ ಬುರುಜಿನ ಗುಡ್ಡದ ಮೇಲಿದೆ. ಪಡುವಣಕ್ಕೆ ಮುಖ ಮಾಡಿ ನಿಂತರೆ ಕೆಂಪು ಮಣ್ಣು, ಮಾವಿನ ತೋಪು, ಸಹ್ಯಾದ್ರಿಯ ಕಡೆಯ ತಂಪು ಗಾಳಿ. ಮೂಡಣಕ್ಕೆ ತಿರುಗಿದರೆ ಕಣ್ಣು ಹಾಯುವವರೆಗೂ ನವಲಗುಂದದ ಕಡೆಯ ಎರೆಭೂಮಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಗೆರೆ ನಮ್ಮ ಅಂಗಳದಲ್ಲೇ ಹಾದು ಹೋಗಿದೆ ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ. ಎರಡೂ ಸೀಮೆ ಕಾಣುತ್ತವೆಂದೇ ಹಿಂದೆ ಯಾರೋ ದೇಸಾಯಿ ಇಲ್ಲಿ ಬುರುಜು ಕಟ್ಟಿಸಿ ಕಾವಲಿಟ್ಟಿದ್ದನಂತೆ. ಕಾವಲಿನವರು ಮನೆ ಮಾಡಿಕೊಂಡರು. ಅವರ ಹಿಂದೆ ನೇಕಾರರು, ಗಾಣಿಗರು, ಅತ್ತರು ಮಾರುವ ಅತ್ತಾರರು ಬಂದು ಓಣಿಯಾಯಿತು. ಈಗ ಬುರುಜು ಅರ್ಧ ಕುಸಿದಿದೆ. ಅದರ ಕಲ್ಲುಗಳು ಎಲ್ಲರ ಮನೆಯ ಕಟ್ಟೆಯಲ್ಲೂ ಇವೆ, ನಮ್ಮ ಕಟ್ಟೆಯಲ್ಲೂ.

ಗುಡ್ಡದ ಮೇಲೆ ನೀರೊಂದೇ ಕಷ್ಟ. ಬುರುಜಿನ ಬುಡದಲ್ಲಿ ಬಂಡೆ ಕಡಿದು ಮಾಡಿದ ಒಂದು ಬಾವಿ, ಅಷ್ಟೇ. ಅದಕ್ಕೇ ಇಲ್ಲೊಂದು ಪದ್ಧತಿ ಬೆಳೆಯಿತು. ಕೆಳಗಿನಿಂದ ಗುಡ್ಡದ ಮೆಟ್ಟಿಲು ಹತ್ತಿ ಬಂದವರು ಯಾರೇ ಇರಲಿ, ವೈರಿಯೇ ಇರಲಿ, ಮೊದಲು ಒಂದು ತಂಬಿಗೆ ನೀರು, ಒಂದು ತುಣುಕು ಬೆಲ್ಲ. ಅದಾದ ಮೇಲೆಯೇ ಯಾಕೆ ಬಂದಿರಿ ಎಂದು ಕೇಳಬೇಕು. ನೀರು ಕೊಡದೆ ಕಳಿಸುವುದೆಂದರೆ ಚಪ್ಪಲಿಯಿಂದ ಹೊಡೆದದ್ದಕ್ಕಿಂತ ಹೆಚ್ಚು.

ಆ ಬಾವಿಯನ್ನು ಮುಚ್ಚಿಸಿದವರು ಮಲ್ಲೇಶಪ್ಪ. ಹೊರಗಿನವರಲ್ಲ, ನಮ್ಮ ಓಣಿಯಲ್ಲೇ ಹುಟ್ಟಿ ಅದೇ ನೀರು ಕುಡಿದು ಬೆಳೆದವರು. ಚಿಕ್ಕವರಿದ್ದಾಗಿನಿಂದ ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಹುಬ್ಬಳ್ಳಿಗೆ ಹೋಗಿ ಕಟ್ಟಡದ ಗುತ್ತಿಗೆಯಲ್ಲಿ ದೊಡ್ಡವರಾದರು. ತಿರುಗಿ ಬಂದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಬಾಡಿಗೆ ಕೊಡಲು ಬುರುಜಿನ ಪಕ್ಕದಲ್ಲಿ ಮೂರಂತಸ್ತಿನ ಕಟ್ಟಡ ಎಬ್ಬಿಸಿದರು. ಗಾಡಿ ಬರದ ಗುಡ್ಡ, ಉಸುಕು ಇಟ್ಟಂಗಿಯೆಲ್ಲ ಕತ್ತೆಗಳ ಮೇಲೆ ಬಂತು. ಬಾವಿ ಅವರ ಪಾಯಕ್ಕೆ ಅಡ್ಡವಾಯಿತು. ಬೇಡವೆಂದು ಓಣಿಯವರೆಲ್ಲ ಕೈಮುಗಿದೆವು. "ಮನಿಮನಿಗೆ ನಳ ಬಂದಾವ, ಇನ್ನ ಬಾವಿ ಯಾರಿಗೆ ಬೇಕ್ರಿ" ಎಂದು ನಕ್ಕು ಕಲ್ಲುಮಣ್ಣು ಸುರಿಸಿದರು. ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದೇ.

ನಳ ಬರುವುದು ಅದರ ಮನಸ್ಸಿಗೆ ಬಂದಾಗ. ಆ ಬೇಸಿಗೆಯಲ್ಲಿ ಗುಡ್ಡದ ಕೆಳಗೆ ನಿಲ್ಲುವ ಟ್ಯಾಂಕರಿನಿಂದ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ನಮ್ಮ ಅವ್ವ ಜಾರಿ ಬಿದ್ದಳು. ಸೊಂಟ ಮುರಿಯಿತು. ಹಾಸಿಗೆ ಹಿಡಿದವಳು ಏಳಲೇ ಇಲ್ಲ, ಮಳೆಗಾಲ ನೋಡದೆ ಹೋದಳು. ಅವಳನ್ನು ಕೊಂದವರು ಮಲ್ಲೇಶಪ್ಪ ಎಂದು ನಾನು ಅಂದೇ ತಿಳಿದೆ, ಈಗಲೂ ಹಾಗೇ ತಿಳಿದಿದ್ದೇನೆ. ಈ ಗುಡ್ಡದ ನೀರು ಅವರ ಗಂಟಲಲ್ಲಿ ಇಳಿಯಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಮ್ಮೆ ಅಂದು ಬಿಟ್ಟವಳಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅಂದುಕೊಳ್ಳುತ್ತಿದ್ದೆ.

ಮುಂದಿನ ವೈಶಾಖದಲ್ಲಿ ಅವರು ಕಟ್ಟಡದ ವಾಸ್ತುಶಾಂತಿಗೆ ಕರೆಯಲು ಬಂದರು. ನೆತ್ತಿ ಸುಡುವ ಮಧ್ಯಾಹ್ನ. "ಏನವಾ ಮಗಳ, ಮನ್ಯಾಗ ಅದೀರೇನು?" ಎನ್ನುತ್ತ ಪಡಸಾಲೆಗೆ ಬಂದು ತಾವೇ ಕೂತರು. ಮೈಯೆಲ್ಲ ಬೆವರು, ಏದುಸಿರು. ನಾನು ಕದಕ್ಕೆ ಆತು ನಿಂತೆ. ನೀರು ತರಲಿಲ್ಲ. ಅವರಿಗೆ ಅರ್ಥವಾಯಿತು, ಮುಖ ಸಣ್ಣದಾಯಿತು. ನನಗೆ ಬೇಕಾದದ್ದೂ ಅದೇ.

ಅಷ್ಟರಲ್ಲಿ ನಮ್ಮ ವೈನಿ, ಅಣ್ಣನ ಹೆಂಡತಿ, ಬಂದವರು ಯಾರೆಂದೂ ನೋಡದೆ ಕೈಯ ರೂಢಿಗೆ ತಂಬಿಗೆ, ಬೆಲ್ಲ ತಂದು ಮುಂದಿಟ್ಟಳು. ನಾನು ಹಲ್ಲು ಕಡಿದೆ. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿ ಬಗ್ಗಿಸಿದರು. ಒಂದು ಹನಿ ಬೀಳಲಿಲ್ಲ.

"ಖಾಲಿ ತಂಬಗಿ ಕೊಟ್ಟೀಯಲ್ಲವಾ" ಎಂದರು ವೈನಿಗೆ.

"ಇಲ್ರಿ ಕಾಕಾ, ತುಂಬೇ ತಂದೇನ್ರಿ. ಚೆಲ್ಲತೈತಿ ಅಂತ ಸಾವಕಾಶ ಹಿಡಕೊಂಡು ಬಂದೇನಿ" ಎಂದಳು ವೈನಿ. ಅವಳ ಮುಖ ಬಿಳಿಚಿಕೊಂಡಿತ್ತು.

"ಇರ್ಲಿ ಬಿಡು, ನಾನ ತುಂಬ್ಕೋತೇನಿ. ಇದೇನ್ ಹೊರಗಿನವರ ಮನಿ ಏನ?" ಎಂದು ಎದ್ದರು. ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಮಣ್ಣಿನ ಹರವಿ ಇತ್ತು. ಅದರಲ್ಲಿ ತಂಬಿಗೆ ಮುಳುಗಿಸಿದರು. ಬುಳುಬುಳು ಸಪ್ಪಳ ನಮಗೆಲ್ಲ ಕೇಳಿತು. ತಂಬಿಗೆಯ ಹೊರಮೈಯಿಂದ ನೀರು ಇಳಿದು ನೆಲಕ್ಕೆ ಬಿತ್ತು. ಎತ್ತಿ ಬಾಯಿಗೆ ಬಗ್ಗಿಸಿದರು, ಪೂರ್ತಿ ಬಗ್ಗಿಸಿದರು. ಏನೂ ಬರಲಿಲ್ಲ. ತಂಬಿಗೆಯನ್ನು ಕೆಳಗಿಟ್ಟರು.

ಹೆದರಿದೆ ಎಂದರೆ ಸುಳ್ಳಾಗುತ್ತದೆ. ನನ್ನ ಹೊಟ್ಟೆ ತಣ್ಣಗಾಯಿತು. ಹೋಗಿ ಅದೇ ತಂಬಿಗೆ ಎತ್ತಿಕೊಂಡೆ. ಭಾರವಾಗಿತ್ತು. ಕಂಠದವರೆಗೆ ನೀರಿತ್ತು. ಅವರ ಕಣ್ಣೆದುರಿಗೇ ಗಟಗಟ ಕುಡಿದೆ.

"ಏನ್ ಮಾಡಾಕತ್ತೀ ನೀ?" ಅವರ ದನಿ ಒಣಗಿತ್ತು.

"ನೀರು ಕುಡಿಯಾಕತ್ತೇನಿ ಕಾಕಾ. ನಮ್ಮವ್ವ ಹೊತ್ತು ತರಾಕ ಹೋಗಿದ್ದಳಲ್ಲ, ಅದ ನೀರು."

ಕರೆಯಲು ಬಂದವರು ಕರೆಯಲೂ ಇಲ್ಲ. ಚಪ್ಪಲಿ ನಮ್ಮ ಕಟ್ಟೆಯಲ್ಲೇ ಬಿಟ್ಟು, ಕಾದ ಮೆಟ್ಟಿಲುಗಳ ಮೇಲೆ ಬರಿಗಾಲಲ್ಲಿ ಇಳಿದು ಹೋದರು.

ನನಗೆ ಹೆದರಿಕೆ ಬಂದದ್ದು ಆಮೇಲೆ. ತಂಬಿಗೆಯನ್ನು ತುಂಬಿ ಸುರಿದು, ಮತ್ತೆ ತುಂಬಿ ಸುರಿದು ನೋಡಿದೆ. ತೂತಿಲ್ಲ, ಸೀಳಿಲ್ಲ, ಎಲ್ಲ ತಂಬಿಗೆಗಳಂತೆಯೇ ಇತ್ತು. ಮಲ್ಲೇಶಪ್ಪನವರ ಮೈಯಲ್ಲೇ ಏನೋ ದೋಷವಿರಬಹುದು ಎಂದುಕೊಂಡೆ. ಆ ಊಹೆಯೂ ನಿಲ್ಲಲಿಲ್ಲ. ಗುಡ್ಡದ ಬುಡದಲ್ಲಿ ಚಹಾದಂಗಡಿ ಇಟ್ಟಿರುವ ರಾಜೇಸಾಬರು ಮರುದಿನ ನನ್ನನ್ನು ನಿಲ್ಲಿಸಿ ಕೇಳಿದರು. "ಅಕ್ಕೋರ, ನಿನ್ನೆ ಮಲ್ಲೇಶಪ್ಪನವರಿಗೆ ಏನಾಗಿತ್ರಿ? ಜಗ್ಗಿನಾಗ ನೀರು ತುಂಬಿ ಕೊಟ್ಟಂಗೆಲ್ಲ ಕುಡದ್ರು. ಕುಡಕೋತನ ಅಳಾಕತ್ತಿದ್ರು." ಅಂದರೆ ಕೆಳಗೆ ನೀರು ಗಂಟಲಲ್ಲಿ ಸರಿಯಾಗಿಯೇ ಇಳಿದಿದೆ. ವಾಸ್ತುಶಾಂತಿಯ ದಿನ ತೀರ್ಥ ಕೂಡ ಅವರ ಅಂಗೈಯಲ್ಲಿ ನಿಲ್ಲಲಿಲ್ಲವೆಂದು ಓಣಿಯವರು ಹೇಳುತ್ತಾರೆ. ನಾನು ಕಣ್ಣಾರೆ ನೋಡಿಲ್ಲ, ಖರೇ ಅಂತ ಹೇಳಲಾರೆ. ಅಂದಿನಿಂದ ಅವರು ಗುಡ್ಡ ಹತ್ತಿಲ್ಲ, ಅದು ಮಾತ್ರ ನಿಜ.

ಅವ್ವನ ಸಿಟ್ಟು ಎಂದು ಓಣಿ ತೀರ್ಮಾನ ಮಾಡಿತು. ನನಗೂ ಹಾಗೆ ನಂಬುವುದೇ ಹಿತವಾಗಿತ್ತು. ಒಂದು ದಿನ ವೈನಿಯ ಮುಂದೆ ಅದನ್ನೇ ಅಂದೆ. ಅವಳು ಒಪ್ಪಲಿಲ್ಲ.

"ಅತ್ತ್ಯಾರು ಅಂಥಾವ್ರಲ್ಲ ಬಿಡು. ಬಾವಿ ಮುಚ್ಚಿದ ದಿನಾನೂ, ಬಿಸಲಾಗ ನಿಂತಾನ ಪಾಪ ಅಂತ ಆ ಕಾಕಾಗ ನೀರು ಬೆಲ್ಲ ಒಯ್ದು ಕೊಟ್ಟಿದ್ರು. ನಾನ ಕಂಡೇನಿ. ಅವ್ರು ಸತ್ತ ಮ್ಯಾಲ ಒಬ್ಬರ ಬಾಯಾಗಿನ ನೀರು ಕಸಗೋತಾರೇನು?"

"ಹಂಗಾದ್ರ ಯಾರು?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಭಾಂಡೆ ತಿಕ್ಕುವುದಿದೆ ಎಂದು ಒಳಗೆ ಹೋದಳು.

ಈ ವರ್ಷ ಮಲ್ಲೇಶಪ್ಪನವರಿಗೆ ಮೈಯಲ್ಲಿ ಆರಾಮಿಲ್ಲ. ಸಾಯುವ ಮುಂಚೆ ಹುಟ್ಟಿದ ಓಣಿಯನ್ನೊಮ್ಮೆ ನೋಡಬೇಕು, ಬಂದರೆ ಅಕ್ಕೋರು ತಮ್ಮ ಕೈಯಾರೆ ಒಂದು ತಂಬಿಗೆ ನೀರು ಕೊಡುತ್ತಾರೋ ಇಲ್ಲವೋ ಕೇಳು ಎಂದು ರಾಜೇಸಾಬರ ಹತ್ತಿರ ಹೇಳಿ ಕಳಿಸಿದ್ದಾರೆ. ನಾನು ಕೊಟ್ಟರೆ ನೀರು ಬೀಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದು ನಡೆದದ್ದು ಏನೆಂದೂ ಗೊತ್ತಿಲ್ಲ. ಶಾಲೆಯಿಂದ ಬರುವಾಗ ರಾಜೇಸಾಬರು ದಿನಾ ಕೇಳುತ್ತಾರೆ, "ಏನ್ ಹೇಳ್ಲಿರಿ ಅಕ್ಕೋರ ಅವರಿಗೆ?" ಹೂಂ ಎನ್ನಬೇಕೆಂದು ಬಾಯಿ ತೆರೆಯುತ್ತೇನೆ. ಅವರ ಅಂಗಡಿಯ ಎದುರಿಗೇ ಅವ್ವ ಬಿದ್ದ ಮೆಟ್ಟಿಲು ಕಾಣುತ್ತದೆ.

"ನಾಳಿ ಹೇಳ್ತೇನ್ರಿ" ಎಂದು ಮೇಲೆ ಹತ್ತುತ್ತೇನೆ.