ಡಯೋಡಿನ ಉಪಚಾರ

ನನ್ನ ಗಂಡನ ಮನೆಯವರು ಮೈಸೂರಿನವರು, ಸಂಕೋಚದ ಜನ. ಅಲ್ಲಿ ಯಾರಾದರೂ ಕಾಫಿ ಕೊಡಲೇ ಎಂದರೆ ಮೊದಲು ಬೇಡ ಎನ್ನಬೇಕು. ಒಂದು ಚೂರು ತಗೊಳ್ಳಿ ಎಂದರೆ ಈಗ ತಾನೇ ಆಯಿತು ಎನ್ನಬೇಕು. ಅಯ್ಯೋ, ಅರ್ಧ ಲೋಟ ಎಂದಮೇಲೆ "ಸರಿ, ನಿಮ್ಮ ಬಲವಂತಕ್ಕೆ" ಎಂದು ಪೂರ್ತಿ ಲೋಟ ಕುಡಿಯಬೇಕು. ಇದರಲ್ಲಿ ಮೋಸವೇನೂ ಇಲ್ಲ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಇದು ಗೊತ್ತೇ ಇಲ್ಲದ ದೇಶಕ್ಕೆ ಬಂದು ನಾವು ಸಂಸಾರ ಹೂಡಿದೆವು, ಅಷ್ಟೇ.

ಎರಡು ಸಾವಿರದ ಇಸವಿ ಆಗತಾನೇ ಕಳೆದಿತ್ತು. ನಾವಿದ್ದದ್ದು ಇಂಗ್ಲೆಂಡಿನ ಸೊಲಿಹಲ್ ಎಂಬ ಊರಿನಲ್ಲಿ. ಕಾರ್ಖಾನೆಯ ಯಂತ್ರಗಳಿಗೆ ಪವರ್ ಸಪ್ಲೈ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನನ್ನ ಗಂಡನಿಗೆ ಕಾಂಟ್ರಾಕ್ಟ್ ಕೆಲಸ. ನಮ್ಮ ವರ್ಕ್ ಪರ್ಮಿಟ್ ಆ ಕೆಲಸವನ್ನೇ ನೆಚ್ಚಿಕೊಂಡಿತ್ತು. ಅದು ಮುಗಿದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಮೊದಲ ವರ್ಷವಾಗಿದ್ದರೆ ನಾನೇ ಮುಂದಾಗಿ ಕಟ್ಟುತ್ತಿದ್ದೆ. ಆ ಚಳಿ, ಆ ಮೋಡ, ನಾಲ್ಕು ಗಂಟೆಗೇ ಕತ್ತಲು, ಯಾರಿಗೆ ಬೇಕಾಗಿತ್ತು? ಆದರೆ ಆಮೇಲೆ ನನಗೆ ಬರ್ಮಿಂಗ್‌ಹ್ಯಾಮಿನ ಒಂದು ಕಾಲೇಜಿನಲ್ಲಿ ದೊಡ್ಡವರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ಗುರುವಾರದ ಕ್ಲಾಸು ಸಿಕ್ಕಿತು. ಬೆಂಗಳೂರಿನಲ್ಲಿ ಎಂ.ಎಸ್ಸಿ. ಮಾಡಿ, ಅದನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಮಾತ್ರ ಉಪಯೋಗಿಸಿದ್ದವಳು ನಾನು. ಆ ಕ್ಲಾಸನ್ನು ಬಿಟ್ಟು ಹೋಗು ಎಂದಿದ್ದರೆ ಬಾಗಿಲಿಗೆ ಆತುಕೊಂಡು ನಿಂತುಬಿಡುತ್ತಿದ್ದೆ.

ಒಂದು ವಾರ, ಕರೆಂಟನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಡಯೋಡಿನ ಪಾಠ. ಎದುರಿಗೆ ಎಲೆಕ್ಟ್ರಿಷಿಯನ್‌ಗಳು, ರೇಡಿಯೋ ಹುಚ್ಚಿನ ಒಬ್ಬಳು ನರ್ಸ್, ಒಬ್ಬ ರಿಟೈರ್ಡ್ ಬಸ್ ಡ್ರೈವರ್. ಸಿಲಿಕಾನ್ ತುಂಡಿನ ಒಂದು ಪಕ್ಕದಲ್ಲಿ ಓಡಾಡುವ ಎಲೆಕ್ಟ್ರಾನುಗಳು ಹೆಚ್ಚು, ಇನ್ನೊಂದು ಪಕ್ಕದಲ್ಲಿ ಅವು ಕೂರಬಹುದಾದ ಖಾಲಿ ಜಾಗಗಳು ಹೆಚ್ಚು ಎಂದು ಬೋರ್ಡಿನ ಮೇಲೆ ಬರೆದೆ. ಎರಡೂ ಕೂಡುವ ಗಡಿಯಲ್ಲಿ ಒಂದಷ್ಟು ಎಲೆಕ್ಟ್ರಾನುಗಳು ದಾಟಿ ಹೋಗಿ ಆ ಜಾಗಗಳಲ್ಲಿ ಕೂತುಬಿಡುತ್ತವೆ. ಆಮೇಲೆ ಗಡಿಯ ಆಚೆ ಈಚೆ ಓಡಾಡುವವರು ಯಾರೂ ಉಳಿಯುವುದಿಲ್ಲ. ಉಳಿಯುವುದು ಇದ್ದಲ್ಲಿಂದ ಕದಲಲಾರದ ಪರಮಾಣುಗಳು ಮಾತ್ರ. ಅವುಗಳ ವಿದ್ಯುದಾವೇಶ ಮುಂದೆ ಬರುವ ಎಲೆಕ್ಟ್ರಾನುಗಳನ್ನು ತಡೆದು ನಿಲ್ಲಿಸುತ್ತದೆ. ಈ ಬರಿದಾದ ಪಟ್ಟಿಯೇ ಡಿಪ್ಲೀಶನ್ ರೀಜನ್. ಸರಿಯಾದ ಕಡೆಯಿಂದ ಬ್ಯಾಟರಿ ಜೋಡಿಸಿ ಸಾಕಷ್ಟು ತಳ್ಳಿದರೆ ಪಟ್ಟಿ ಕಿರಿದಾಗಿ ಕರೆಂಟು ಹರಿಯುತ್ತದೆ. ಸಾಲದೆ ಬಂದರೆ ಹೆಚ್ಚುಕಡಿಮೆ ಏನೂ ಹರಿಯದು. ಬ್ಯಾಟರಿಯನ್ನು ತಿರುಗಾಮುರುಗಾ ಜೋಡಿಸಿದರೆ, ತಳ್ಳಿದಷ್ಟೂ ಪಟ್ಟಿ ಅಗಲವಾಗುತ್ತಾ ಹೋಗುತ್ತದೆ.

"ಅಂದ್ರೆ, ಅಲ್ಲಿ ಓಡಾಡೋರು ಯಾರೂ ಇಲ್ಲ, ಆದ್ರೂ ದಾಟೋಕಾಗಲ್ಲ," ಎಂದ ಬಸ್ ಡ್ರೈವರ್.

ಅರ್ಥವಾಗಿಬಿಟ್ಟಿತಲ್ಲ ಇವನಿಗೆ ಎಂದು ನನಗೆ ಕುಣಿಯುವಷ್ಟು ಖುಷಿ. ಅದೇ ಖುಷಿಯಲ್ಲಿ ಮನೆಗೆ ಬಂದರೆ ನನ್ನ ಗಂಡ ಸೋಫಾದಲ್ಲಿ ಕಾಲು ಚಾಚಿಕೊಂಡು ಕೂತಿದ್ದರು.

"ಇವತ್ತು ಬಾಸ್ ಕರೆದಿದ್ರು," ಎಂದರು. "ಕಾಂಟ್ರಾಕ್ಟ್ ಮುಗೀತಾ ಬಂತು, ಪರ್ಮನೆಂಟ್ ಕೆಲಸ ಇದೆ, ಇದ್ದುಬಿಡ್ತೀಯಾ ಅಂತ ಕೇಳಿದ್ರು."

"ಏನಂದ್ರಿ?"

"ಬೇಡ ಸರ್, ಪರವಾಗಿಲ್ಲ, ನಿಮಗ್ಯಾಕೆ ತೊಂದರೆ ಅಂದೆ."

ನನ್ನ ಕೈಯಲ್ಲಿದ್ದ ಚೀಲ ಹಾಗೇ ಕೆಳಗಿಳಿಯಿತು. "ಅದಕ್ಕೆ ಅವರೇನಂದ್ರು?"

"ಛೆ, ಸರಿ ಹಾಗಾದ್ರೆ ಅಂದ್ರು. ನಾಳೆ ಮತ್ತೆ ಕೇಳ್ತಾರೆ ಕಣೇ. ಕೇಳಿದ ತಕ್ಷಣ ಹೂಂ ಅನ್ನೋಕೆ ಚೆನ್ನಾಗಿರುತ್ತಾ?"

ನಾಳೆ ಬಂತು, ನಾಡಿದ್ದೂ ಬಂತು. ಯಾರೂ ಕೇಳಲಿಲ್ಲ. ಈ ಊರಿನಲ್ಲಿ ಒಂದು ಸಲ ಬೇಡ ಎಂದರೆ ಬಿಸ್ಕತ್ತಿನ ತಟ್ಟೆಯೇ ವಾಪಸ್ ಬರುವುದಿಲ್ಲ, ಇನ್ನು ಕೆಲಸ ಬರುತ್ತದೆಯೇ? "ನೀವೇ ಹೋಗಿ ಬಾಯಿಬಿಟ್ಟು ಕೇಳ್ರೀ," ಎಂದು ಬೆಳಿಗ್ಗೆ ಎದ್ದರೆ ಶುರು ಮಾಡುತ್ತಿದ್ದೆ. ನಾನು ಕೂಗಾಡಿದಷ್ಟೂ ಅವರು ದೂರ ಸರಿದರು. ಮೊದಲು ಪೇಪರಿನ ಹಿಂದೆ, ಆಮೇಲೆ ಮಹಡಿಗೆ, ಕೊನೆಗೆ ಹಿತ್ತಲಿನ ಶೆಡ್ಡಿಗೆ. ಅಲ್ಲಿ ಹುಲ್ಲು ಕತ್ತರಿಸುವ ಮಷೀನಿನ ಜೊತೆ ಅದೇನು ಮಾತಾಡುತ್ತಿದ್ದರೋ. ಮದುವೆಯಲ್ಲಿ ಬ್ಯಾಟರಿ ತಿರುಗಾಮುರುಗಾ ಜೋಡಿಸುವುದು ಹೀಗೆ ಎಂದು ನನಗೆ ಆಗ ತಿಳಿಯಿತು. ತಿಳಿದೂ ಬೈಯುವುದನ್ನು ನಿಲ್ಲಿಸಲಿಲ್ಲ, ಅದು ಬೇರೆ ಮಾತು.

ಕೊನೆಗೆ ನಾನೇ ಬಾಸ್‌ಗೆ ಫೋನ್ ಮಾಡಿ ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದೆ. ಬಂದರು. ಆರಡಿ ಎತ್ತರದ, ಕೆಂಪು ಮುಖದ, ಮೆತ್ತಗಿನ ಮನುಷ್ಯ. ಬಾಗಿಲು ತೆಗೆದರೆ ಅವರ ಪಕ್ಕದಲ್ಲಿ ಗಾಲಿಯಿರುವ ದೊಡ್ಡ ನೀಲಿ ಸೂಟ್‌ಕೇಸು.

"ಆಫೀಸಿನವರೆಲ್ಲ ಸೇರಿ ತಂದದ್ದು," ಎಂದರು. "ನೀವು ಹೊರಡ್ತಿರೋದು ನಮಗೆಲ್ಲ ತುಂಬಾ ಬೇಜಾರು."

ನಾನು ಬೀಳ್ಕೊಡುಗೆಯ ಊಟಕ್ಕೆ ಕರೆದಿದ್ದೇನೆಂದು ಅವರು ತಿಳಿದಿದ್ದರು. ನನ್ನ ಗಂಡ ಸೂಟ್‌ಕೇಸನ್ನು ನೋಡಿ, "ಅಯ್ಯೋ, ಇದೆಲ್ಲ ಯಾಕೆ ಸರ್, ಬೇಡಿತ್ತು," ಎಂದರು. ಆ ಒಂದು 'ಬೇಡ'ವನ್ನು ಮಾತ್ರ ಅವರು ನಿಜವಾಗಿ ಹೇಳಿದ್ದು.

ಊಟಕ್ಕೆ ಕೂರಿಸಿದೆ. ಬಾಸ್ ಮೊದಲ ಹೋಳಿಗೆಯನ್ನು ಬಹಳ ಮೆಚ್ಚಿ ತಿಂದರು. ಎರಡನೆಯದಕ್ಕೆ ಬೇಡ ಎಂದರು, ಹಾಕಿದೆ. ಹೊಟ್ಟೆ ತುಂಬಿತು ಎಂದರು. ಇನ್ನೊಂದು ಹಾಕಿ ಮೇಲೆ ತುಪ್ಪ ಸುರಿದೆ. ಅವರ ಹಣೆಯಲ್ಲಿ ಬೆವರು ಕಾಣಿಸಿತು. ನನ್ನ ಗಂಡನ ಕಡೆ ಬಾಗಿ, "ನಾನು ಬೇಡ ಅಂದೆನಲ್ಲ?" ಎಂದು ಮೆಲ್ಲಗೆ ಕೇಳಿದರು.

"ಅದು ಲೆಕ್ಕಕ್ಕಿಲ್ಲ ಸರ್," ಎಂದರು ಇವರು. "ನಿಜವಾಗಿ ಬೇಡದಿದ್ರೆ ಎರಡೂ ಕೈ ತಟ್ಟೆಗೆ ಅಡ್ಡ ಇಟ್ಟು ಬಗ್ಗಿಬಿಡಬೇಕು. ಬರೀ ಬಾಯಲ್ಲಿ ಬೇಡ ಅಂದ್ರೆ ನಮ್ಮಲ್ಲಿ ಸುಮ್ನೆ ಮರ್ಯಾದೆಗೆ."

ಬಾಸ್ ತುತ್ತು ಎತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. "ಹಾಗಾದ್ರೆ ಅವತ್ತು ನನ್ನ ರೂಮಿನಲ್ಲಿ ನೀನು ಬೇಡ ಅಂದಿದ್ದು?"

ನನ್ನ ಗಂಡ ಸಾರಿನ ಬಟ್ಟಲನ್ನು ನೋಡುತ್ತಾ ಕೂತರು. ನಾನು ತಡೆಯಲಾರದೆ, ಬಾಸ್ ತಟ್ಟೆಯ ಮಧ್ಯದ ಪಲ್ಯ ಹೋಳಿಗೆಗಳನ್ನು ಚಮಚದಿಂದ ಎರಡು ಕಡೆಗೆ ಸರಿಸಿ ಖಾಲಿ ಪಟ್ಟಿಯೊಂದನ್ನು ಮಾಡಿ, ಅವರಿಗೆ ಡಿಪ್ಲೀಶನ್ ರೀಜನ್ ತೋರಿಸಿದೆ. ಡಯೋಡಿಲ್ಲದೆ ನಡೆಯದ ಪವರ್ ಸಪ್ಲೈ ವ್ಯಾಪಾರದಲ್ಲೇ ತಲೆ ನರೆತವರು, ಬೇಗ ಹಿಡಿದುಕೊಂಡರು.

"ನಾನು ತಳ್ಳಿದ್ದು ಸಾಲಲಿಲ್ಲ ಅಂತೀರಿ," ಎಂದರು.

"ಸಾಲಲಿಲ್ಲ. ಇದು ಮೈಸೂರಿನ ಮಾಲು."

ಅವರು ನಗಲಿಲ್ಲ. ಕೈ ಒರೆಸಿಕೊಂಡು, "ಸೋಮವಾರ ಬೇರೆಯವನನ್ನ ನೋಡೋಕೆ ಕರೆದಿದೀನಿ," ಎಂದರು. "ಒಬ್ಬ ಬೇಡ ಅಂದಮೇಲೆ ಮತ್ತೆ ಕೇಳೋದು ನಮ್ಮಲ್ಲಿ ಅವನ ಮಾತಿಗೆ ಅವಮಾನ. ಆದ್ರೂ ಇನ್ನೊಂದೇ ಸಲ ಕೇಳ್ತೀನಿ. ಈ ಕೆಲಸ ನಿನಗೆ ಬೇಕಾ?"

ಇವರು ಬಾಯಿ ತೆಗೆದರು. "ನಿಮಗೇನಾದ್ರೂ ತೊಂದರೆ ಆಗೋದಾದ್ರೆ ಸರ್..." ಎಂದು ಶುರುವಾಯಿತು. ನನ್ನ ನಾಲಿಗೆ ತುದಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾಗದು. ಆದರೆ ನಾನು ಈಗ ಒಂದು ಮಾತು ತಳ್ಳಿದರೂ ಈ ಮನುಷ್ಯ ನೇರ ಶೆಡ್ಡಿಗೆ ಹೋಗುತ್ತಾರೆಂದು ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ತುಪ್ಪದ ಮಿಳ್ಳೆ ಹಿಡಿದು ಸುಮ್ಮನೆ ನಿಂತೆ. ಗುರುವಾರದ ಕ್ಲಾಸು, ಬೋರ್ಡು, ಬಸ್ ಡ್ರೈವರ್ ಎಲ್ಲ ಕೈಬಿಟ್ಟು ಹೋಯಿತೆಂದೇ ಅನ್ನಿಸಿತು.

"ಬೇಕು," ಎಂದರು ನನ್ನ ಗಂಡ.

ಇಂಗ್ಲಿಷಿನಲ್ಲಿ ಹೇಳಿದ್ದು, ಕನ್ನಡದಲ್ಲಾಗಿದ್ದರೆ ಆ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಆದರೂ ಹೇಳಿದರು.

"ಇವಳು ಗುರುವಾರದ ಪಾಠವನ್ನ ಹಿಂದಿನ ದಿನ ಬಾತ್‌ರೂಮಿನ ಬಾಗಿಲು ಹಾಕ್ಕೊಂಡು, ಯಾರಿಗೂ ಕೇಳಿಸಬಾರದು ಅಂತ ನಲ್ಲಿ ಬಿಟ್ಕೊಂಡು ಅಭ್ಯಾಸ ಮಾಡ್ತಾಳೆ," ಎಂದು ಬಾಸ್‌ಗೆ ಹೇಳತೊಡಗಿದರು. "ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಕೇಳ್ತೀನಿ. ಮದುವೆಯಾದಾಗಿನಿಂದ ಇವಳು ಅಷ್ಟು ಸಂತೋಷವಾಗಿ ಮಾತಾಡಿದ್ದನ್ನ ನಾನು ಕೇಳಿರಲಿಲ್ಲ. ಟ್ರಾನ್ಸಿಸ್ಟರ್ ಪಾಠ ಇನ್ನೂ ಬಾಕಿ ಇದೆ. ಅದಕ್ಕೇ ಈ ಕೆಲಸ ಬೇಕು ಸರ್."

ಬಾಸ್ ಎದ್ದು ಅವರ ಕೈ ಕುಲುಕಿ, ಸೋಮವಾರದ ಮನುಷ್ಯನಿಗೆ ಬರಬೇಡ ಅಂತ ಹೇಳ್ತೀನಿ ಎಂದರು. ನನಗೆ ಅಳು ಬಂದುಬಿಟ್ಟಿತು. ಇಷ್ಟು ದಿನ ಬೈದಿದ್ದ ಬಾಯಲ್ಲಿ "ಕದ್ದು ಕೇಳ್ತಿದ್ರಾ?" ಎಂದಷ್ಟೇ ಕನ್ನಡದಲ್ಲಿ ಕೇಳಿದೆ.

"ಹೂಂ," ಎಂದರು. "ಮುಂದಿನ ವಾರ ಆ ನಲ್ಲಿ ನಿಲ್ಲಿಸಿ ಹೇಳು. ಅರ್ಧ ಕೇಳಿಸೋದೇ ಇಲ್ಲ."