ಮೀನು ತೊಳೆದ ನೀರಿನ ಕೇಸು

ಕೀಲುಂಗ್ ಬಂದರಿನ ಹಿಂದಿನ ಸಂತೆಬೀದಿಯಲ್ಲಿ ನನ್ನದು ಸೊಪ್ಪಿನ ಅಂಗಡಿ. ಪಕ್ಕದ್ದು ಲಾಯ್‌ಫಾಂಗಕ್ಕನ ನೂಡಲ್ಸ್ ಅಂಗಡಿ. ಅವಳು ಮಲೇಷ್ಯಾದವಳು. ಈಪೋ ಕಡೆಯ ಒಂದು ಸಣ್ಣ ಊರು, ಹಿಂದೆ ತವರದ ಗಣಿ ಇದ್ದ ಜಾಗ. ತವರವೆಲ್ಲ ಮುಗಿದು ಹೋದರೂ ಅವಳಿಗೆ ಮಾತ್ರ ಅದು ತವರಾಗಿಯೇ ಉಳಿದಿತ್ತು. ನಮ್ಮೂರಿನ ಹಡಗು ಮೆಕ್ಯಾನಿಕ್ ಒಬ್ಬನನ್ನು ಕಟ್ಟಿಕೊಂಡು ತೈವಾನಿಗೆ ಬಂದವಳು, ತೆಂಗಿನಹಾಲಿನ ಖಾರದ ಸಾರನ್ನು ನಮ್ಮ ನಾಲಿಗೆಗೆ ಹತ್ತಿಸಿದಳು. ಅವಳು ದನಿ ಎತ್ತಿದ್ದನ್ನು ಸಂತೆಯಲ್ಲಿ ಯಾರೂ ಕೇಳಿರಲಿಲ್ಲ. ಸಿಗಡಿಯವನು ತೂಕದಲ್ಲಿ ಮೋಸ ಮಾಡಿದರೂ ಸುಮ್ಮನೆ ತೆಗೆದುಕೊಂಡು ಹೋಗುವಳು. ಬಾಯಿಲ್ಲದ ಹೆಂಗಸು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಗಂಡ ಇರುವವರೆಗೆ ಅವನ ಹೆಸರಿನ ಮೇಲೆ ವಾಸದ ಪರವಾನಗಿ ನವೀಕರಣವಾಗುತ್ತಿತ್ತು. ಅವನು ತೀರಿಕೊಂಡ ಮೇಲೆ, ಕಾಯಂ ಪರವಾನಗಿ ಮಾಡಿಸಿಕೋ ಎಂದು ಬೆನ್ನು ಹತ್ತಿದವಳು ನಾನೇ. ಅರ್ಜಿ ತುಂಬಲು ಅವಳ ಅಂಗಡಿಯಲ್ಲೇ ಕೂತೆವು. ಒಂದು ಪ್ರಶ್ನೆ ಹೀಗಿತ್ತು: ಬೇರೆ ಯಾವುದಾದರೂ ದೇಶದಲ್ಲಿ ನಿಮಗೆ ಶಿಕ್ಷೆ ಆಗಿದೆಯೇ?

"ಇಲ್ಲ ಅಂತ ಬರಿ, ಮುಂದಕ್ಕೆ ಹೋಗು," ಅಂದೆ.

"ಆಗಿದೆಯಲ್ಲ," ಅಂದಳು.

ನನ್ನ ಕೈಯಲ್ಲಿದ್ದ ಚಹಾ ಕೈಯಲ್ಲೇ ಉಳಿಯಿತು. ಆಮೇಲೆ ಗೊತ್ತಾಯಿತು. ಆಗ ಇವಳು ಹತ್ತೊಂಬತ್ತರ ಹುಡುಗಿ, ತಾಯಿ ರಸ್ತೆಬದಿಯಲ್ಲಿ ಮೀನು ಮಾರುತ್ತಿದ್ದಳಂತೆ. ಪುರಸಭೆಯ ಇನ್‌ಸ್ಪೆಕ್ಟರ್ ಬಂದು ತಳ್ಳುಗಾಡಿ ಎಳೆದುಕೊಂಡು ಹೊರಟ. ಇವಳು ಮೀನು ತೊಳೆದ ನೀರನ್ನು ಬಕೆಟ್ಟು ಸಮೇತ ಅವನ ತಲೆಯ ಮೇಲೆ ಕವುಚಿದಳು. ಅವನು ಜಾರಿ ಚರಂಡಿಗೆ ಬಿದ್ದ. ಮ್ಯಾಜಿಸ್ಟ್ರೇಟರು ದಂಡ ಹಾಕಿ, ಸಂಜೆವರೆಗೆ ಕೋರ್ಟಿನ ಮೂಲೆಯಲ್ಲಿ ಕೂರಿಸಿ ಕಳಿಸಿದರು.

"ಅದನ್ನ ಈಗ ಯಾರು ಕೇಳ್ತಾರೆ ಅಕ್ಕಾ? ಬಿಟ್ಹಾಕು."

"ಮಾಜು ದೇವಿ ಹತ್ರ ಕೇಳ್ಕೊಂಡು ಬರ್ತೀನಿ."

ಗುಡಿಗೆ ಹೋಗಿ ದೇವಿಯ ಮುಂದೆ ಶಕುನ ಕೇಳುವ ಮರದ ಜೋಡಿ ಹೋಳು ಎಸೆದಳು. ಎಷ್ಟು ಸಲ ಎಸೆದರೂ ಒಂದೇ ಉತ್ತರ, ನಿಜ ಬರಿ. ದೇವಿಗೇನು, ಅವಳೆಂದೂ ಪರವಾನಗಿ ಕಚೇರಿಯ ಸಾಲಿನಲ್ಲಿ ನಿಂತವಳಲ್ಲ. ಲಾಯ್‌ಫಾಂಗಕ್ಕ "ಹೌದು" ಎಂದು ಬರೆದಳು.

ಕಚೇರಿಯ ಕಿಟಕಿಯ ಹಿಂದೆ ಕೂತಿದ್ದವಳು ಜಿಯಾನ್ ಎಂಬ ಹುಡುಗಿ. ಬಹಳ ಮರ್ಯಾದಸ್ಥೆ. "ಆಂಟಿ, ನಿಮ್ಮ ದೇಶದ ಪೊಲೀಸರಿಂದ ನಡತೆ ಪತ್ರ ತರಿಸಿ" ಅಂದಳು. ತರಿಸಿದ್ದಾಯಿತು. ಈ ಹೆಂಗಸಿನ ಮೇಲೆ ಯಾವ ದಾಖಲೆಯೂ ಇಲ್ಲ, ನಿಷ್ಕಳಂಕ ಎಂದು ಮೊಹರು ಹೊಡೆದ ಕಾಗದ. ನಾವು ಖುಷಿಯಿಂದ ಕೊಂಡುಹೋದೆವು. ಜಿಯಾನ್ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು.

"ತಪ್ಪು ಮಾಡಿದೀನಿ ಅಂತ ನೀವು ಬರೆದಿದ್ದೀರ. ಮಾಡಿಲ್ಲ ಅಂತ ಅವರು ಬರೆದಿದ್ದಾರೆ. ಯಾವುದನ್ನ ನಂಬಲಿ ಆಂಟಿ?"

"ಅವರದ್ದನ್ನೇ ನಂಬಮ್ಮ," ಎಂದು ನಾನು ಬಾಯಿ ಹಾಕಿದೆ.

"ಹಾಗಾದ್ರೆ ಇವರು ಅರ್ಜೀಲಿ ಸುಳ್ಳು ಬರೆದ ಹಾಗಾಯ್ತು. ಸುಳ್ಳು ಬರೆದವರಿಗೆ ಪರವಾನಗಿ ಇಲ್ಲ. ಆ ಕೋರ್ಟಿನ ದಾಖಲೆ ತನ್ನಿ. ಅದು ಸಿಗದಿದ್ರೆ, ಆ ಪ್ರಕರಣ ಕಣ್ಣಾರೆ ಕಂಡವರ ಪ್ರಮಾಣಪತ್ರ ಆದ್ರೂ ಬೇಕು."

ತಾವು ಒಳ್ಳೆಯವರೆಂದು ಸಾಬೀತು ಮಾಡಲು ಜನ ಒದ್ದಾಡುವುದನ್ನು ನೋಡಿದ್ದೇನೆ. ಕೆಟ್ಟವಳೆಂದು ಸಾಬೀತು ಮಾಡಲು ವಿಮಾನ ಹತ್ತಿದವಳು ಇವಳೊಬ್ಬಳೇ. ಮುಂದಿನದು ಅವಳು ಬಂದು ಹೇಳಿದ್ದು.

ಅವಳೂರಿನ ಹಳೆಯ ಕೋರ್ಟು ಈಗ ಕಾಫಿ ಹೋಟೆಲಾಗಿತ್ತು. ಮ್ಯಾಜಿಸ್ಟ್ರೇಟರು ಕೂರುತ್ತಿದ್ದಲ್ಲಿ ಕಾಫಿ ಸೋಸುತ್ತಿದ್ದರು. ಹೊಸ ಕೋರ್ಟಿನ ಗುಮಾಸ್ತ, ಹಳೆಯ ಕಡತಗಳೆಲ್ಲ ಗೆದ್ದಲು ಪಾಲಾದವು ಎಂದ.

"ಅಪ್ಪಾ, ನಂಗೆ ಶಿಕ್ಷೆ ಆಗಿತ್ತು ಅಂತ ಒಂದು ಸಾಲು ಬರೆದುಕೊಡು."

"ಆಂಟಿ, ಇಲ್ಲಿಗೆ ಬರೋರೆಲ್ಲ ಶಿಕ್ಷೆ ಆಗಿಲ್ಲ ಅಂತ ಬರಿಸ್ಕೊಳ್ಳೋಕೆ ಬರ್ತಾರೆ. ನೀವು ಮನೆಗೆ ಹೋಗಿ ಆರಾಮಾಗಿ ಮಲಗಿ."

ಉಳಿದ ಸಾಕ್ಷಿ ಒಬ್ಬನೇ, ಆ ಇನ್‌ಸ್ಪೆಕ್ಟರ್ ಸೆಲ್ಲದುರೈ. ಬದುಕಿದ್ದಾನೆ ಎಂದು ಗೊತ್ತಾಗಿ, ಕಿತ್ತಳೆ ಹಣ್ಣಿನ ಚೀಲ ಹಿಡಿದು ಅವನ ಮನೆಗೆ ಹೋದಳು. ಎಂಬತ್ತು ದಾಟಿದ ಮುದುಕ, ಆದರೂ ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ಹೆಂಡತಿ ಪುಷ್ಪಂ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಲಾಯ್‌ಫಾಂಗಕ್ಕ ಬಂದ ಕಾರಣ ಹೇಳಿದಳು.

"ಅಂಥದ್ದು ಏನೂ ನಡೆದಿಲ್ಲ," ಅಂದ ಮುದುಕ.

"ಸಾರ್, ನಾನೇ ಸಾರ್, ಬಕೆಟ್ಟಿನ ಹುಡುಗಿ."

"ಯಾವ ಬಕೆಟ್ಟೂ ಇಲ್ಲ. ನಾನು ಅವತ್ತು ಪಾಚಿ ಮೇಲೆ ಕಾಲಿಟ್ಟು ಜಾರಿ ಬಿದ್ದೆ. ಬೇಕಾದ್ರೆ ಇವಳನ್ನೇ ಕೇಳು."

ಪುಷ್ಪಂ ತಲೆ ಎತ್ತಲಿಲ್ಲ. "ಪಾಚಿಗೆ ಬಿದ್ದೋರ ಕಿವೀಲಿ ಮೀನಿನ ಪೊರೆ ಹೆಂಗೆ ಬರುತ್ತೆ ಅಂತ ನಾನು ಅವತ್ತೇ ಕೇಳಬೇಕಿತ್ತು. ಆ ಅಂಗಿ ಒಗೆದವಳು ನಾನು. ಮೂರು ನೀರಿಗೂ ವಾಸನೆ ಹೋಗಲಿಲ್ಲ."

"ನಿಂಗೆ ಗೊತ್ತಿತ್ತಾ?"

"ಊರಿಗೇ ಗೊತ್ತಿತ್ತು. ನಿಮ್ಮ ಬೆನ್ನ ಹಿಂದೆ ನಿಮಗೆ ಏನಂತಿದ್ರು ಅಂತ ಹೇಳಲಾ?"

ಬೇಡ ಎಂದು ಮುದುಕ ಕೈ ಎತ್ತಿದ. ಇಷ್ಟು ವರ್ಷ ಹೆಂಡತಿಯ ಮುಂದೆ ಕಾಪಾಡಿಕೊಂಡು ಬಂದ ಮಾನಕ್ಕೆ ಹೆಂಡತಿಯೇ ಪೊರೆ ಬಿಡಿಸಿಬಿಟ್ಟಿದ್ದಳು. ಕೊನೆಗೆ ಬರೆದುಕೊಡಲು ಒಪ್ಪಿದ, ಒಂದು ಷರತ್ತಿನ ಮೇಲೆ.

"ಹಿಂದಿನಿಂದ ಬಂದು ಸುರಿದಳು ಅಂತ ಬರೀತೀನಿ. ಎದುರಿಗೆ ಬಂದಿದ್ರೆ ನಾನು ಹಿಡೀತಿದ್ದೆ."

"ಇಲ್ಲ ಸಾರ್, ಎದುರಿಗೇ ಬಂದಿದ್ದು. ನಿಮ್ಮ ಮೀಸೆ ನೋಡ್ಕೊಂಡೇ ಸುರಿದೆ."

ಬಾಯಿಲ್ಲದ ಹೆಂಗಸು ಅಲ್ಲಿ ಒಂದಕ್ಷರ ಬಿಟ್ಟುಕೊಡಲಿಲ್ಲ. ನಿಜ ಹೇಳೋಕೆ ಅಂತ ಇಷ್ಟು ದೂರ ಬಂದು ಹಿಂದಿನಿಂದ ಹೊಡೆದವಳು ಅನ್ನಿಸಿಕೊಳ್ಳಲೇ ಎಂದು ಅವಳ ವಾದ. ಮುದುಕನೂ ಜಗ್ಗಲಿಲ್ಲ. ಮಧ್ಯಾಹ್ನವಾಯಿತು. ಪುಷ್ಪಂ ಇಬ್ಬರಿಗೂ ಅನ್ನ, ಹುಳಿ ಸಾರು ಬಡಿಸಿದಳು. ಜಗಳ ಉಣ್ಣುತ್ತಲೇ ಮುಂದುವರಿಯಿತು. ಕೈ ತೊಳೆಯುವಾಗ ಮುದುಕ ಕೇಳಿದ, "ಆ ಗಾಡಿ ನಿಮ್ಮಮ್ಮನಿಗೆ ವಾಪಸ್ ಸಿಕ್ತಾ?"

"ಇಲ್ಲ ಸಾರ್. ಆಮೇಲೆ ತಲೆ ಮೇಲೆ ಹೊತ್ತೇ ಮಾರಿದಳು."

ಮುದುಕ ಚಪ್ಪಲಿ ಮೆಟ್ಟಿಕೊಂಡು, ನೋಟರಿ ಹತ್ತಿರ ಹೋಗೋಣ ಎಂದು ಎದ್ದ. ಅಲ್ಲಿ "ಪಕ್ಕದಿಂದ ಬಂದು" ಎಂದು ಬರೆಸಿದ. ಅವಳು ಓದಿಸಿ ಕೇಳಿದಳು. ಮುದುಕ ಹಿಂದಿನಿಂದ ಪಕ್ಕಕ್ಕಾದರೂ ಬಂದನಲ್ಲ ಅಂದುಕೊಂಡು, ಈ ಒಂದು ಕಡೆ ದೇವಿ ಕ್ಷಮಿಸಲಿ ಎಂದು ಸುಮ್ಮನಾದಳು.

ಕೀಲುಂಗಿಗೆ ಬಂದ ಮೇಲೆ ಜಿಯಾನ್ ಅನುವಾದವನ್ನು ಪೂರ್ತಿ ಓದಿದಳು. ಓದುತ್ತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

"ಸರಿಯಾಗಿದೆ ಆಂಟಿ. ಇಷ್ಟು ಸಣ್ಣ ದಂಡ ನಮ್ಮ ಲೆಕ್ಕಕ್ಕೇ ಬರಲ್ಲ. ಪರವಾನಗಿ ಸಿಗುತ್ತೆ."

"ಲೆಕ್ಕಕ್ಕೇ ಬರಲ್ವಾ?" ನಾನು ಕಿಟಕಿಯೊಳಗೆ ತಲೆ ತೂರಿಸಿದೆ. "ಮತ್ತೆ ಅಷ್ಟು ದೂರ ಯಾಕೆ ಅಲೆಸಿದೆ ತಾಯಿ?"

"ಸಣ್ಣದು ಅಂತ ಗೊತ್ತಾಗೋಕೆ ಕಾಗದ ಬೇಕಿತ್ತಲ್ಲ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಸರ್ಕಾರಿ ಮಾತಿನಲ್ಲಿ ತಪ್ಪು ಹುಡುಕುವುದು ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ. ಲಾಯ್‌ಫಾಂಗಕ್ಕ ಮಾತ್ರ ಬೇರೆಯೇ ಚಿಂತೆಯಲ್ಲಿದ್ದಳು. ಆ ಪ್ರಮಾಣಪತ್ರ ವಾಪಸ್ ಕೊಡ್ತೀರಾ ಎಂದು ಕೇಳಿದಳು. ಕಡತದಲ್ಲೇ ಇರಬೇಕು ಎಂದಳು ಜಿಯಾನ್. "ಹಂಗಾದ್ರೆ ಅದರಲ್ಲಿ ಪಕ್ಕದಿಂದ ಅಂತ ಇರೋದು ತಪ್ಪು, ಎದುರಿಗೆ..." ಎಂದು ಶುರು ಮಾಡಿದವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಕಾರ್ಡು ಬಂತು. ಅದಕ್ಕಿಂತ ಮೊದಲು ಬಕೆಟ್ಟಿನ ಕಥೆ ಸಂತೆ ತುಂಬ ಹಬ್ಬಿತ್ತು, ಹಬ್ಬಿಸಿದ್ದು ಯಾರೆಂದು ಹೇಳಬೇಕಾಗಿಲ್ಲ. ಈಗ ಸಿಗಡಿಯವನು ಅವಳಿಗೆ ತೂಗುವಾಗ ಮುಳ್ಳು ನಿಲ್ಲುವವರೆಗೆ ಕಾಯುತ್ತಾನೆ, ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾನೆ. ಅವಳಿಗೆ ಇದರಿಂದ ಆಶ್ಚರ್ಯ. "ಕಾಯಂ ಕಾರ್ಡು ಬಂದ ಮೇಲೆ ಜನ ಎಷ್ಟು ಮರ್ಯಾದೆ ಕೊಡ್ತಾರೆ ನೋಡು," ಅನ್ನುತ್ತಾಳೆ. ನಾನೂ ಹೌದಕ್ಕಾ ಅನ್ನುತ್ತೇನೆ.