ಒಂದು ಉದ್ದ, ಒಂದು ಗಿಡ್ಡ

ಹೆತ್ತೂರು ಕಡೆಯ ಎಸ್ಟೇಟೊಂದರಲ್ಲಿ ಡ್ರೈವರುಗಳಿಗೆ ಸುರಕ್ಷಿತ ಚಾಲನೆಯ ಪಾಠ ಹೇಳಲು ನನ್ನನ್ನು ಕರೆಸಿದ್ದರು. ಯಾರೋ ಮೊಬೈಲಿನಲ್ಲಿ ಮಾತಾಡುತ್ತಾ ಆಳುಗಳಿದ್ದ ಜೀಪನ್ನು ಚರಂಡಿಗೆ ಇಳಿಸಿದ್ದನಂತೆ. ಗಾಡಿ ಹತ್ತುವ ಮೊದಲು ಫೋನ್ ಆಫ್ ಮಾಡಬೇಕು ಅಂತ ನಿಯಮ ಮಾಡಿದೆ.

ಹಿರಿಯ ಡ್ರೈವರ್ ಮಂಜಣ್ಣ ಗೊಣಗಿದರು. "ಬತ್ತಾ ಇದೀನಿ ಅಂತ ಮನೆಗೆ ಹೇಳೋದ್ ಹೆಂಗೆ ಸಾರ್? ಸ್ನಾನಕ್ಕೆ ನೀರು ಕಾಯ್ಬೇಕಲ್ಲ?"

"ಫೋನಿಲ್ದಾಗ ಏನ್ ಮಾಡ್ತಿದ್ರಿ?" ಅಂದೆ. ಅವರು ಸುಮ್ಮನೆ ನಕ್ಕರು.

ಸಂಜೆ ಅವರ ಜೀಪಿನಲ್ಲೇ ಹೊರಟೆ. ಕೆಲಸದವರ ಲೈನ್ ಮನೆಗಳ ಮೇಲಿನ ತಿರುವಿನಲ್ಲಿ, ಎದುರಿಗೆ ಒಂದು ನಾಯಿಯೂ ಇಲ್ಲದಿದ್ದರೂ, ಮಂಜಣ್ಣ ಹಾರ್ನ್ ಹೊಡೆದರು: ಒಂದು ಉದ್ದ, ಒಂದು ಗಿಡ್ಡ. ಅನಗತ್ಯ ಹಾರ್ನ್ ಬೇಡ ಅಂತ ಬೆಳಗ್ಗೆ ತಾನೇ ಪಾಠ ಹೇಳಿದ್ದೆ. ಬೈಯೋಣ ಅನ್ನುವಷ್ಟರಲ್ಲಿ ಕೆಳಗೊಂದು ಬಚ್ಚಲಿನಿಂದ ಹೊಗೆ ಎದ್ದಿತು.

"ನೋಡಿದ್ರಾ ಸಾರ್, ನಮ್ಮನೆಯವ್ಳಿಗಿನ್ನೂ ನೆನಪೈತೆ!"

ಚಿಕ್ಕಂದಿನಲ್ಲಿ ನಮ್ಮೂರು ಆನೇಮಹಲ್‌ನಲ್ಲಿ ಅಪ್ಪನ ಲಾರಿಯ ಹಾರ್ನ್ ಕೇಳಿದ ಕೂಡಲೇ ಹಂಡೆಗೆ ಉರಿ ಹಾಕುತ್ತಿದ್ದ ಅಮ್ಮ ಕಣ್ಣಮುಂದೆ ಬಂದಳು.

ಮಾರನೇ ದಿನ ನಮ್ಮ ಬೀದಿಯ ತಿರುವಿನಲ್ಲಿ ನಾನೂ ಹಾಗೇ ಹಾರ್ನ್ ಹೊಡೆದೆ. ಬಾಗಿಲಲ್ಲೇ ಹೆಂಡತಿ ಸಿಡುಕಿದಳು. "ನಿಮ್ ಫೋನ್ ಬೇರೆ ಆಫು. ಅದ್ಯಾವನ್ರೀ ಅವ್ನು, ತಿರುವಲ್ಲಿ ಹಂಗೆ ಹಾರ್ನ್ ಬಡಿಯೋನು?"